ಬ್ರೇಕಿಲ್ಲದ ಫಿಕ್ಸಿಯಲ್ಲಿ ಹಿಂದೊತ್ತಿದಾಗ ‘ಕಟ್’ ಸದ್ದು: ದೋಷ ಪತ್ತೆ ಮತ್ತು ನಿವಾರಣೆ

ಲಕ್ಷಣ

ಫಿಕ್ಸೆಡ್ ಗಿಯರ್ ಸೈಕಲ್ಲಿನಲ್ಲಿ, ಎಂದರೆ ಫಿಕ್ಸಿಯಲ್ಲಿ, ವೇಗ ತಗ್ಗಿಸಲು ಪೆಡಲನ್ನು ಹಿಂದಕ್ಕೆ ಒತ್ತಿದ ಕೂಡಲೇ ಕಾಲಿಗೆ ಗಟ್ಟಿಯಾದ ತಡೆ ಸಿಗಬೇಕು. ಹಾಗಾಗದೆ, ಕಾಲಿನ ಒತ್ತಡ ಒಂದರೆಗಳಿಗೆ ಯಾವುದಕ್ಕೂ ತಾಗದೆ ಬರಿದೇ ಹೋಗಿ, ಆಮೇಲೆ ‘ಕಟ್’ ಎಂಬ ಸದ್ದಿನೊಡನೆ ಹಿಡಿದುಕೊಳ್ಳುತ್ತಿದ್ದರೆ, ಮತ್ತೆ ಮುಂದಕ್ಕೆ ತುಳಿಯತೊಡಗಿದಾಗ ಅದೇ ಸದ್ದು ಇನ್ನೊಮ್ಮೆ ಕೇಳಿಬಂದರೆ, ಚಕ್ರಕ್ಕೂ ಪೆಡಲಿಗೂ ನಡುವೆ ಎಲ್ಲೋ ಒಂದು ಕಡೆ ‘ಆಟ’, ಎಂದರೆ ಸಡಿಲದ ಅಲುಗಾಟ, ಹುಟ್ಟಿಕೊಂಡಿದೆ ಎಂದು ತಿಳಿಯಬೇಕು. ಈ ಬರಹ ಆ ಆಟದ ಮೂಲವನ್ನು ಹುಡುಕಿ ಸರಿಪಡಿಸುವ ಬಗೆಗಿನದು.

ಸಾಮಾನ್ಯ ಸೈಕಲ್ಲಿನಲ್ಲಿ ಫ್ರೀವೀಲ್ ಇರುವುದರಿಂದ ತುಳಿಯುವುದನ್ನು ನಿಲ್ಲಿಸಿದರೂ ಚಕ್ರ ತಾನಾಗಿ ಉರುಳುತ್ತದೆ. ಅಲ್ಲಿ ಚೈನು ಸ್ವಲ್ಪ ಸಡಿಲವಿದ್ದರೆ ಸದ್ದು ಹೆಚ್ಚಾಗಬಹುದು, ಬಟ್ಟೆಗೆ ಎಣ್ಣೆ ತಾಗಬಹುದು, ಅದಕ್ಕಿಂತ ಹೆಚ್ಚಿನ ಅಪಾಯವೇನೂ ಇಲ್ಲ. ಫಿಕ್ಸಿಯಲ್ಲಿ ಹಿಂದಿನ ಹಲ್ಲುಚಕ್ರ, ಎಂದರೆ ಕಾಗ್, ಕಡ್ಡಿಗಳು ಸೇರುವ ಚಕ್ರದ ನಡುಭಾಗವಾದ ಹಬ್ಬಿಗೆ ನೇರವಾಗಿ ಬಿಗಿದಿರುತ್ತದೆ; ಚಕ್ರ ತಿರುಗುವವರೆಗೂ ಪೆಡಲೂ ತಿರುಗುತ್ತದೆ; ಕೈಬ್ರೇಕ್ ಇಲ್ಲದ ಸೈಕಲ್ಲನ್ನು ತಡೆಯುವ ಸಾಧನವೆಂದರೆ ಸವಾರನ ಕಾಲು, ಪೆಡಲು, ಪೆಡಲನ್ನು ಹೊತ್ತ ತೋಳಾದ ಕ್ರ್ಯಾಂಕು, ಚೈನು, ಕಾಗು ಮತ್ತು ಹಬ್ಬು ಸೇರಿದ ಈ ಒಂದೇ ಸರಪಳಿ. ಆದ್ದರಿಂದ ಇದರಲ್ಲಿ ಕಾಣಿಸಿದ ಯಾವ ಆಟವನ್ನೂ ‘ಚೈನಿನ ತೊಂದರೆ’ ಎಂದು ಬಗೆಯಕೂಡದು. ಅದು ಬ್ರೇಕಿನ ದೋಷ, ಮತ್ತು ಬ್ರೇಕು ಕೆಟ್ಟ ವಾಹನವನ್ನು ಹೇಗೆ ರಸ್ತೆಗೆ ಇಳಿಸುವುದಿಲ್ಲವೋ ಹಾಗೆಯೇ ಈ ಸದ್ದು ಕೇಳಿಬಂದ ಸೈಕಲ್ಲನ್ನು ಪತ್ತೆ ಮುಗಿಯುವವರೆಗೆ ತಳ್ಳಿಕೊಂಡೇ ಹೋಗಬೇಕು.

ನಾನು ಹಾಗೆ ಮಾಡಲಿಲ್ಲ. ಮೂರು ವರ್ಷದ ಹಿಂದೆ ಬೆಂಗಳೂರಿನಲ್ಲಿ ಪರಿಚಯದವರೊಬ್ಬರಿಂದ ಕೊಂಡ ಹಳೆಯ ಫಿಕ್ಸಿಯಲ್ಲಿ ಮೂರನೆಯ ವಾರಕ್ಕೆ ಈ ಸದ್ದು ಶುರುವಾಯಿತು. ಚೈನು ಜೋತುಬಿದ್ದಂತೆ ಕಂಡದ್ದರಿಂದ ಹಿಂಚಕ್ರವನ್ನು ಹಿಂದಕ್ಕೆಳೆದು ಬಿಗಿ ಮಾಡಿದೆ. ಸದ್ದು ತುಸು ತಗ್ಗಿತು. ನಾಲ್ಕು ದಿನಗಳ ನಂತರ ಮತ್ತೆ ಕೇಳಿಸಿತು. ಮತ್ತೆ ಚೈನು ಬಿಗಿ ಮಾಡಿದೆ. ಆ ಭಾನುವಾರ ಬಸವನಗುಡಿಯ ಒಂದು ಇಳಿಜಾರಿನಲ್ಲಿ, ಮುಂದಿದ್ದ ಆಟೋ ನಿಂತಿತೆಂದು ಹಿಂದೊತ್ತಿದಾಗ, ‘ಕಟ್’ ಎನ್ನಬೇಕಾದ ಜಾಗದಲ್ಲಿ ಏನೂ ಆಗಲಿಲ್ಲ. ಪೆಡಲು ಹಿಂದಕ್ಕೆ ಹಗುರವಾಗಿ ತಿರುಗಿತು, ಸೈಕಲ್ಲು ಮುಂದಕ್ಕೆ ಹೋಗುತ್ತಲೇ ಇತ್ತು. ಎಡಕ್ಕೆ ತಿರುಗಿಸಿ, ಕಾಲು ನೆಲಕ್ಕೆ ಕೊಟ್ಟು, ಪಾದಚಾರಿ ಮಾರ್ಗದ ಕಲ್ಲಿಗೆ ಚಕ್ರ ಬಡಿದು ಬಿದ್ದೆ. ಅಂಗೈ ತರಚಿತು, ಬೇರೆಯವರಿಗೆ ಏನೂ ಆಗಲಿಲ್ಲ. ಆ ಕಲ್ಲಿನ ಮುಂದೆ ಶಾಲೆಯ ಮಗುವೊಂದು ನಿಂತಿದ್ದರೆ ಎಂಬ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಈ ಬರಹಕ್ಕೆ ಕಾರಣವೂ ಅದೇ.

ಆಟ ಎಲ್ಲಿದೆ ಎಂಬುದರ ಪತ್ತೆ

ಹೆಚ್ಚಿನವರು ಚೈನಿನಿಂದ ಆರಂಭಿಸುತ್ತಾರೆ, ಏಕೆಂದರೆ ಕಣ್ಣಿಗೆ ಮೊದಲು ಕಾಣುವುದು ಅದೇ. ನನ್ನ ಅನುಭವದಲ್ಲಿ ಹಬ್ಬಿನಿಂದ ಆರಂಭಿಸಿ ಪೆಡಲಿನ ಕಡೆಗೆ ಬರುವುದೇ ಸರಿಯಾದ ಕ್ರಮ. ಮುಂದಿನ ಚಕ್ರವನ್ನು ಗೋಡೆಗೆ ಆನಿಸಿ, ಇನ್ನೊಬ್ಬರಿಗೆ ಹಿಂಚಕ್ರವನ್ನು ಮೊಣಕಾಲುಗಳ ನಡುವೆ ಅಲುಗಾಡದಂತೆ ಹಿಡಿಯಲು ಹೇಳಿ, ಕ್ರ್ಯಾಂಕುಗಳನ್ನು ನೆಲಕ್ಕೆ ಸಮಾನಾಂತರವಾಗಿ ನಿಲ್ಲಿಸಿ, ಬಲಗಡೆಯ ಪೆಡಲನ್ನು ಕೈಯಿಂದ ಮೆಲ್ಲಗೆ ಹಿಂದೆ ಮುಂದೆ ಆಡಿಸಬೇಕು. ಕೈ ಆಡಿಸುತ್ತಿರುವಾಗ ಕಣ್ಣು ಹಬ್ಬಿನ ಮೇಲಿರಲಿ. ಪೆಡಲಿನಿಂದ ಹೊರಟ ಚಲನೆ ಎಲ್ಲಿಯವರೆಗೆ ತಲುಪಿ ಎಲ್ಲಿ ಸಾಯುತ್ತದೆ ಎಂಬುದನ್ನು ನೋಡುವುದೇ ಈ ಪರೀಕ್ಷೆಯ ತಿರುಳು.

ಕಡ್ಡಿಗಳು ನಿಶ್ಚಲವಾಗಿದ್ದು ಕಾಗ್ ಕೂದಲೆಳೆಯಷ್ಟು ತಿರುಗಿದರೂ ದೋಷ ಕಾಗ್ ಮತ್ತು ಹಬ್ಬಿನ ನಡುವಿನ ಥ್ರೆಡ್ಡಿನಲ್ಲಿ, ಎಂದರೆ ತಿರುಪಿನ ಸುತ್ತುಗಳಲ್ಲಿ, ಇದೆ; ಇದು ಎಲ್ಲಕ್ಕಿಂತ ಅಪಾಯಕಾರಿ. ಕಾಗ್ ಕದಲದೆ, ಚೈನಿನ ಮೇಲಿನ ಸಾಲು ಮತ್ತು ಕೆಳಗಿನ ಸಾಲು ಸರದಿಯಂತೆ ಜೋತುಬಿದ್ದು ಬಿಗಿಯಾಗುತ್ತಿದ್ದರೆ ಚೈನು ಸಡಿಲವಾಗಿದೆ. ಚೈನೂ ಸರಿಯಿದ್ದು, ಮುಂದಿನ ಹಲ್ಲುಚಕ್ರವಾದ ಚೈನ್‌ರಿಂಗು ಕ್ರ್ಯಾಂಕಿನ ತೋಳುಗಳಿಗೆ ಹೋಲಿಸಿದರೆ ಅಲುಗುತ್ತಿದ್ದರೆ ಅದರ ಬೋಲ್ಟುಗಳು ಸಡಿಲಗೊಂಡಿವೆ. ಬಲಗಡೆ ಎಲ್ಲವೂ ಗಟ್ಟಿಯಾಗಿದ್ದು ಎಡಗಡೆಯ ಪೆಡಲನ್ನು ಆಡಿಸಿದಾಗ ಮಾತ್ರ ಆಟ ಸಿಕ್ಕರೆ ಎಡ ಕ್ರ್ಯಾಂಕು ಬಿ.ಬಿ. (ಬಾಟಮ್ ಬ್ರ್ಯಾಕೆಟ್, ಫ್ರೇಮಿನ ಅಡಿಯಲ್ಲಿ ಕ್ರ್ಯಾಂಕುಗಳು ತಿರುಗುವ ಜಾಗ) ಆಕ್ಸಲ್ಲಿನ ಮೇಲೆ ಸಡಿಲವಾಗಿದೆ. ಒಂದಕ್ಕಿಂತ ಹೆಚ್ಚು ದೋಷಗಳು ಒಟ್ಟಿಗಿರುವುದು ಅಪರೂಪವಲ್ಲವಾದ್ದರಿಂದ, ಒಂದು ಸಿಕ್ಕಿತೆಂದು ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಬಾರದು. ನಾನು ತಪ್ಪಿದ್ದು ಇಲ್ಲಿಯೇ: ಚೈನು ನಿಜವಾಗಿಯೂ ಸಡಿಲವಿತ್ತು, ಅದನ್ನು ಸರಿಮಾಡಿದ್ದೂ ಸರಿಯೇ, ಆದರೆ ಆ ಸಡಿಲದ ಹಿಂದೆ ಅಡಗಿದ್ದ ಕಾಗಿನ ಆಟವನ್ನು ಹುಡುಕಲಿಲ್ಲ.

ಕೈಯ ಬಲಕ್ಕೆ ಅಲುಗದ ಕಾಗು ಮೈಯ ಭಾರಕ್ಕೆ ಅಲುಗಬಹುದು. ಅದಕ್ಕಾಗಿ ಒಂದು ಸಣ್ಣ ಉಪಾಯವಿದೆ. ಕಾಗ್, ಅದರ ಹೊರಗಿನ ಲಾಕ್‌ರಿಂಗ್ ಮತ್ತು ಹಬ್ಬಿನ ಮೈ ಮೂರನ್ನೂ ಬಟ್ಟೆಯಿಂದ ಒರೆಸಿ ಒಣಗಿಸಿ, ಮೂರರ ಮೇಲೂ ಹಾಯುವಂತೆ ನೇಲ್ ಪಾಲಿಶ್‌ನಲ್ಲಿ ಒಂದು ನೇರ ಗೆರೆ ಎಳೆಯಬೇಕು. ಮುಂದೆ ಬ್ರೇಕ್ ಇರುವ ಸೈಕಲ್ಲಾದರೆ, ವಾಹನಗಳಿಲ್ಲದ ಮೈದಾನದಲ್ಲಿ ಹತ್ತು ನಿಮಿಷ ಓಡಿಸಿ, ನಾಲ್ಕಾರು ಸಲ ಬಲವಾಗಿ ಹಿಂದೊತ್ತಿ, ಗೆರೆಯನ್ನು ಮತ್ತೆ ನೋಡಬೇಕು. ಗೆರೆ ಮುರಿದು ತುಂಡುಗಳು ಒಂದರ ಪಕ್ಕಕ್ಕೊಂದು ಸರಿದಿದ್ದರೆ ಅನುಮಾನಕ್ಕೆ ಎಡೆಯೇ ಇಲ್ಲ. ಬ್ರೇಕ್ ಇಲ್ಲದ ಸೈಕಲ್ಲನ್ನು ಈ ಪರೀಕ್ಷೆಗೂ ಓಡಿಸಕೂಡದು.

ಕಾಗ್ ಮತ್ತು ಲಾಕ್‌ರಿಂಗ್

ಈ ಭಾಗವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇದರ ಕೆಲಸ ಅರ್ಥವಾಗದೆ ಮಾಡಿದ ರಿಪೇರಿ ಬಹಳ ದಿನ ಬಾಳುವುದಿಲ್ಲ. ಕಾಗು ಹಬ್ಬಿಗೆ ಸಾಮಾನ್ಯ ಬಲಗೈ ಥ್ರೆಡ್ಡಿನಲ್ಲಿ, ಎಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಗಿಯಾಗುವ ಥ್ರೆಡ್ಡಿನಲ್ಲಿ, ಕೂರುತ್ತದೆ. ಮುಂದಕ್ಕೆ ತುಳಿದಂತೆಲ್ಲ ತಾನಾಗಿ ಬಿಗಿಯಾಗುತ್ತದೆ. ಹಿಂದೊತ್ತಿದಾಗ ಅದೇ ಬಲ ಕಾಗನ್ನು ಬಿಚ್ಚುವ ದಿಕ್ಕಿಗೆ ಎಳೆಯುತ್ತದೆ. ಇದನ್ನು ತಡೆಯಲೆಂದೇ ಫಿಕ್ಸಿಗಾಗಿ ಮಾಡಿದ ಟ್ರ್ಯಾಕ್ ಹಬ್ಬಿನಲ್ಲಿ ಕಾಗಿನ ಥ್ರೆಡ್ಡಿನ ಹೊರಗೆ, ಅದಕ್ಕಿಂತ ಕಿರಿದಾದ ಎರಡನೆಯ ಮೆಟ್ಟಿಲೊಂದಿದ್ದು, ಅದರ ಥ್ರೆಡ್ಡು ಎಡಗೈಯದಾಗಿರುತ್ತದೆ. ಲಾಕ್‌ರಿಂಗ್ ಕೂರುವುದು ಆ ಮೆಟ್ಟಿಲ ಮೇಲೆ. ಕಾಗು ಬಿಚ್ಚಿಕೊಳ್ಳಲು ಹೊರಟರೆ ತನ್ನ ಮೈಗೆ ತಾಗಿದ ರಿಂಗನ್ನೂ ಅದೇ ದಿಕ್ಕಿಗೆ ತಿರುಗಿಸಲು ನೋಡುತ್ತದೆ. ರಿಂಗಿಗೆ ಆ ದಿಕ್ಕು ಬಿಗಿಯಾಗುವ ದಿಕ್ಕಾದ್ದರಿಂದ ಅದು ಕಾಗನ್ನು ಮತ್ತಷ್ಟು ಒತ್ತಿ ಹಿಡಿಯುತ್ತದೆ. ರಿಂಗನ್ನು ಬಿಚ್ಚಬೇಕಾದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕೆಂಬುದನ್ನು ಮರೆತು ಜೋರುಮಾಡಿ ಥ್ರೆಡ್ ಹಾಳುಮಾಡಿಕೊಂಡವರನ್ನು ನಾನು ಕಂಡಿದ್ದೇನೆ.

ನನ್ನ ಸೈಕಲ್ಲನ್ನು ತಳ್ಳಿಕೊಂಡು ಹೋದದ್ದು ನಮ್ಮ ಬಡಾವಣೆಯ ಹಳೆಯ ಸೈಕಲ್ ಅಂಗಡಿಗೆ. ಅಲ್ಲಿನ ಯಜಮಾನರು ಜೀವಮಾನವೆಲ್ಲ ಕರಿಯ ರೋಡ್‌ಸ್ಟರ್ ಸೈಕಲ್ಲುಗಳಿಗೆ ಕೈಹಚ್ಚಿದವರು. ಫಿಕ್ಸಿಯನ್ನು ಬಿಚ್ಚುತ್ತಿದ್ದುದು ಅದೇ ಮೊದಲ ಸಲ. ರಿಂಗ್ ತೆಗೆದು, ಕಾಗನ್ನು ಕೈಯಿಂದಲೇ ತಿರುಗಿಸಿ ಹೊರತಂದು, ಹಬ್ಬಿನ ಮೇಲಿನ ಗ್ರೀಸನ್ನು ಬೆರಳಲ್ಲಿ ಒರೆಸಿ ನನ್ನ ಮುಂದೆ ಹಿಡಿದರು. ಕಪ್ಪು ಗ್ರೀಸಿನ ನಡುವೆ ಬೆಳ್ಳಿಯ ಎಳೆಯಂಥ ಸಣ್ಣ ಸುರುಳಿಗಳಿದ್ದವು. ಅವು ಹಬ್ಬಿನ ಅಲ್ಯೂಮಿನಿಯಂ ಥ್ರೆಡ್ಡಿನ ಚೂರುಗಳು.

“ನೋಡಿ ಸಾರ್, ಇದರಲ್ಲಿ ಎರಡನೇ ಮೆಟ್ಲೇ ಇಲ್ಲ. ಇದು ಫ್ರೀವೀಲ್ ಹಾಕೋ ಹಬ್ಬು. ಬಿ.ಬಿ. ಕಪ್ಪಿನ ರಿಂಗ್ ತಂದು ಬಿಗಿದವ್ರೆ,” ಎಂದರು.

“ಲೋಕ್‌ಟೈಟ್ ಹಾಕಿ ಮತ್ತೆ ಬಿಗಿದರೆ ಆಗೋದಿಲ್ವಾ ಯಜಮಾನ್ರೇ?” ಎಂದು ಕೇಳಿದೆ.

“ಅಂಟು ಹಿಡ್ಕೊಳ್ಳೋಕೆ ಥ್ರೆಡ್ ಇರಬೇಕಲ್ಲ ಸಾರ್.”

ಅವರು ಹೇಳಿದ್ದರಲ್ಲಿ ಎಲ್ಲವೂ ಇದೆ. ಫ್ರೀವೀಲ್ ಹಾಕುವ ಹಬ್ಬಿನ ಥ್ರೆಡ್ಡಿನ ಅಳತೆ ಮತ್ತು ಟ್ರ್ಯಾಕ್ ಕಾಗಿನ ಅಳತೆ ಎರಡೂ 1.37 ಇಂಚು, ಇಂಚಿಗೆ 24 ಸುತ್ತು. ಹೀಗಾಗಿ ಕಾಗು ಅದರ ಮೇಲೆ ಚೆನ್ನಾಗಿಯೇ ಕೂರುತ್ತದೆ. ಬಿ.ಬಿ. ಕಪ್ಪಿನ ಲಾಕ್‌ರಿಂಗ್ ಕೂಡ ಅದೇ ಥ್ರೆಡ್ಡಿಗೆ ಹತ್ತುತ್ತದೆ. ಆದರೆ ಅದೂ ಬಲಗೈ ಥ್ರೆಡ್ಡಿನದೇ ಆದ್ದರಿಂದ, ಕಾಗು ಬಿಚ್ಚಿಕೊಂಡಾಗ ರಿಂಗೂ ಅದರ ಜೊತೆಗೇ ಬಿಚ್ಚಿಕೊಳ್ಳುತ್ತದೆ. ತಡೆಯುವುದು ಬರೀ ಎರಡರ ನಡುವಿನ ಒತ್ತಡ ಮಾತ್ರ. ಸಿಗ್ನಲ್ಲಿಗೊಮ್ಮೆ, ರಸ್ತೆಯುಬ್ಬಿಗೊಮ್ಮೆ ಹಿಂದೊತ್ತಬೇಕಾದ ನಗರದ ಸವಾರಿಯಲ್ಲಿ ಆ ಒತ್ತಡ ದಿನದಿನಕ್ಕೆ ಕರಗುತ್ತದೆ. ನಾನು ಕೇಳುತ್ತಿದ್ದ ‘ಕಟ್’ ಸದ್ದು, ಕಾಗು ಪ್ರತಿ ಸಲವೂ ತುಸು ಬಿಚ್ಚಿಕೊಂಡು ಮತ್ತೆ ಬಿಗಿಯಾಗುತ್ತಿದ್ದ ಸದ್ದು. ಇಂಥ ಜೋಡಣೆಯನ್ನು ಇಂಗ್ಲಿಷಿನಲ್ಲಿ ಆತ್ಮಹತ್ಯೆಯ ಹೆಸರಿಟ್ಟೇ ಕರೆಯುತ್ತಾರೆ. ಫ್ರೀವೀಲನ್ನೇ ವೆಲ್ಡ್ ಮಾಡಿಸಿ ಫಿಕ್ಸಿ ಮಾಡಿಕೊಳ್ಳುವುದು ಇದಕ್ಕಿಂತಲೂ ಕೀಳು, ಏಕೆಂದರೆ ಅಲ್ಲಿ ಹೆಸರಿಗೂ ಒಂದು ಲಾಕ್‌ರಿಂಗ್ ಇರುವುದಿಲ್ಲ.

ಥ್ರೆಡ್ ಉದುರಿದ ಹಬ್ಬಿಗೆ ರಿಪೇರಿ ಇಲ್ಲ, ಅದನ್ನು ಬದಲಿಸಬೇಕು. ಹಬ್ಬು ಸರಿಯಾದ ಟ್ರ್ಯಾಕ್ ಹಬ್ಬೇ ಆಗಿದ್ದೂ ಕಾಗು ಅಲುಗುತ್ತಿದ್ದರೆ ಇನ್ನೆರಡು ಕಾರಣಗಳನ್ನು ನೋಡಬೇಕು. ಮೊದಲನೆಯದು ಲಾಕ್‌ರಿಂಗಿನ ಅಳತೆ: ಹೆಚ್ಚಿನ ಹಬ್ಬುಗಳಲ್ಲಿ ಅದು 1.29 ಇಂಚು, ಕ್ಯಾಂಪನ್ಯೋಲೋ ಮಾದರಿಯ ಹಬ್ಬುಗಳಲ್ಲಿ 1.32 ಇಂಚು, ದೊಡ್ಡ ರಿಂಗು ಸಣ್ಣ ಹಬ್ಬಿನ ಮೇಲೆ ಕುಳಿತಂತೆ ಕಂಡರೂ ಹಿಡಿಯುವುದಿಲ್ಲ. ಎರಡನೆಯದು ಕಣ್ಣಿಗೆ ಸುಲಭವಾಗಿ ಕಾಣದ ದೋಷ. ಕಾಗು ತೆಳುವಾಗಿದ್ದರೆ ರಿಂಗು ಕಾಗಿನ ಮುಖವನ್ನು ಮುಟ್ಟುವ ಮೊದಲೇ ತನ್ನ ಥ್ರೆಡ್ಡಿನ ಕೊನೆಗೆ ಬಂದು ನಿಂತುಬಿಡುತ್ತದೆ. ಪಾನಾ ಹಿಡಿದ ಕೈಗೆ ಅದು ಕಲ್ಲಿನಂತೆ ಬಿಗಿಯಾಗಿರುತ್ತದೆ, ಕಾಗಿನ ಮಟ್ಟಿಗೆ ಮಾತ್ರ ಅದು ಇದ್ದೂ ಇಲ್ಲದಂತೆ. ದಿನಪತ್ರಿಕೆಯ ಒಂದು ಪಟ್ಟಿಯನ್ನು ಕಾಗು ಮತ್ತು ರಿಂಗಿನ ನಡುವೆ ತೂರಿಸಲು ನೋಡಿ. ಕಾಗದ ಒಳಗೆ ಹೋದರೆ ರಿಂಗು ಒತ್ತುತ್ತಿಲ್ಲವೆಂದು ಅರ್ಥ. ಕಾಗಿನ ಹಿಂದೆ ತೆಳುವಾದ ಸ್ಪೇಸರ್ ಹಾಕಿದರೆ, ಅಥವಾ ದಪ್ಪನೆಯ ಕಾಗನ್ನು ತಂದರೆ ಇದು ಪರಿಹಾರವಾಗುತ್ತದೆ.

ಮರುಜೋಡಣೆಗೆ ಅವಸರ ಬೇಡ. ಎರಡೂ ಥ್ರೆಡ್ಡುಗಳನ್ನು ಸೀಮೆಎಣ್ಣೆಯಲ್ಲಿ ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕಿ, ಒಣಗಿಸಿ, ತೆಳ್ಳಗೆ ಗ್ರೀಸ್ ಸವರಬೇಕು. ಕಾಗನ್ನು ಮೊದಲ ಮೂರು ನಾಲ್ಕು ಸುತ್ತು ಬರಿಗೈಯಲ್ಲೇ ಹತ್ತಿಸಬೇಕು; ಅಷ್ಟರಲ್ಲಿ ಅಡ್ಡಿ ಬಂದರೆ ಅದು ಓರೆಯಾಗಿ ಹತ್ತಿದೆ, ಬಿಚ್ಚಿ ಮತ್ತೆ ಹಾಕಬೇಕು. ಆಮೇಲೆ ಚೈನ್ ವಿಪ್ಪಿನಿಂದ, ಎಂದರೆ ಚೈನಿನ ತುಂಡು ಜೋಡಿಸಿದ ಹಿಡಿಯಿಂದ, ಪೂರ್ತಿ ಬಲ ಹಾಕಿ ಬಿಗಿಯಬೇಕು. ಚೈನ್ ವಿಪ್ ಇಲ್ಲದವರು ಹಳೆಯ ಚೈನನ್ನು ಬಿ.ಬಿ. ಕೊಳವೆಗೆ ಸುತ್ತಿ ಚಕ್ರವನ್ನೇ ಸನ್ನೆಕೋಲಾಗಿ ಬಳಸುವ ವಿಧಾನ ಒಂದಿದೆ. ಅದು ಚೆನ್ನಾಗಿಯೇ ಬಿಗಿಯುತ್ತದೆ, ಆದರೆ ದಪ್ಪ ಬಟ್ಟೆ ಸುತ್ತದಿದ್ದರೆ ಫ್ರೇಮಿನ ಬಣ್ಣ ಏಳುತ್ತದೆ. ಇಷ್ಟಾದ ಮೇಲೂ ಕಾಗು ಕೊನೆಯ ಬಿಗಿತಕ್ಕೆ ಬಂದಿರುವುದಿಲ್ಲ. ಲಾಕ್‌ರಿಂಗನ್ನು ಕೈಬಿಗಿತದಲ್ಲಿಟ್ಟು, ಮುಂದಿನ ಬ್ರೇಕನ್ನೇ ನಂಬಿಕೊಂಡು, ಒಮ್ಮೆಯೂ ಹಿಂದೊತ್ತದೆ, ಹತ್ತಿರದ ಒಂದು ಏರನ್ನು ಎದ್ದು ನಿಂತು ತುಳಿದು ಹತ್ತಬೇಕು. ಏರಿನ ಭಾರ ಕಾಗನ್ನು ಕೈಯಿಂದಾಗದಷ್ಟು ಒಳಕ್ಕೆ ಕೂರಿಸುತ್ತದೆ. ಏರು ಮುಗಿದಲ್ಲೇ ಇಳಿದು, ಕೊಕ್ಕೆ ಪಾನಾದಿಂದ ಲಾಕ್‌ರಿಂಗನ್ನು ಬಿಗಿದು, ಹೊಸ ಗೆರೆ ಎಳೆಯಬೇಕು.

ಎರಡು ಬದಿಗೂ ಹಾಕಬಹುದಾದ ಹಬ್ಬುಗಳಲ್ಲಿ ಒಂದು ಕಡೆ ಫ್ರೀವೀಲ್, ಇನ್ನೊಂದು ಕಡೆ ಕಾಗ್ ಇರುತ್ತದೆ. ಪಂಕ್ಚರ್ ಹಾಕಿಸಿದ ಮೇಲೆ ಚಕ್ರವನ್ನು ತಿರುಗುಮುರುಗಾಗಿ ಕೂರಿಸಿಬಿಟ್ಟರೆ ಮೊದಲ ತಿರುವಿನಲ್ಲೇ ತಡೆ ಇಲ್ಲದಂತಾಗುತ್ತದೆ. ಪಂಕ್ಚರ್ ಅಂಗಡಿಯಿಂದ ಹೊರಡುವ ಮುನ್ನ ಚಕ್ರ ಎತ್ತಿ ಪೆಡಲನ್ನು ಹಿಂದಕ್ಕೆ ತಿರುಗಿಸಿ ನೋಡುವುದಕ್ಕೆ ಎರಡು ಸೆಕೆಂಡು ಸಾಕು.

ಚೈನು ಮತ್ತು ಹಿಂದಿನ ಆಕ್ಸಲ್

ಚೈನು ಬಿಗಿಯಿದೆಯೇ ಎಂದು ಒಂದೇ ಜಾಗದಲ್ಲಿ ಮುಟ್ಟಿ ನೋಡಿದರೆ ಸಾಲದು. ಚೈನ್‌ರಿಂಗು ಪೂರ್ತಿ ವೃತ್ತಾಕಾರವಾಗಿ ಕೇಂದ್ರದಲ್ಲಿ ಕೂತಿರುವುದು ಕಡಮೆ. ಕ್ರ್ಯಾಂಕನ್ನು ಒಂದು ಸುತ್ತು ತಿರುಗಿಸಿದರೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಎನಿಸುತ್ತದೆ. ಅತಿ ಬಿಗಿಯಾದ ಜಾಗದಲ್ಲಿ ಚೈನಿನ ನಡುಭಾಗ ಮೇಲೆ ಕೆಳಗೆ ಒಟ್ಟು ಅರ್ಧ ಇಂಚು ಆಡಬೇಕು, ಅತಿ ಸಡಿಲವಾದ ಜಾಗದಲ್ಲಿ ಅದಕ್ಕಿಂತ ಬಹಳ ಹೆಚ್ಚಾಗಬಾರದು. ವ್ಯತ್ಯಾಸ ದೊಡ್ಡದಿದ್ದರೆ ಚೈನ್‌ರಿಂಗಿನ ಬೋಲ್ಟುಗಳನ್ನು ತುಸುವೇ ಸಡಿಲಿಸಿ, ಬಿಗಿಯಾದ ಜಾಗಕ್ಕೆ ತಂದು ಚೈನಿನ ಮೇಲೆ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ, ಮತ್ತೆ ತಿರುಗಿಸಿ, ಮತ್ತೆ ತಟ್ಟಿ, ರಿಂಗು ಕೇಂದ್ರಕ್ಕೆ ಬಂದ ಮೇಲೆ ಎದುರುಬದುರಿನ ಬೋಲ್ಟುಗಳನ್ನು ಸರದಿಯಂತೆ ಬಿಗಿಯಬೇಕು.

ಸಡಿಲ ಚೈನಿನ ನಿಜವಾದ ಅಪಾಯ ಸದ್ದಿನದಲ್ಲ. ಗುಂಡಿಗೆ ಚಕ್ರ ಬಿದ್ದ ಕ್ಷಣದಲ್ಲೇ ಹಿಂದೊತ್ತಿದರೆ ಚೈನು ಹಲ್ಲಿನಿಂದ ಹಾರುತ್ತದೆ. ಹಾರಿ ಹೊರಗೆ ಬಿದ್ದರೆ ತಡೆಯೇ ಇರುವುದಿಲ್ಲ, ಕಾಗು ಮತ್ತು ಕಡ್ಡಿಗಳ ನಡುವೆ ಸಿಕ್ಕಿಕೊಂಡರೆ ಹಿಂಚಕ್ರ ಒಮ್ಮೆಗೇ ಕಚ್ಚಿಕೊಂಡು ನಿಲ್ಲುತ್ತದೆ. ಗುಂಡಿ, ಹಂಪು, ಕಾಂಕ್ರೀಟು ಮುಗಿದು ಡಾಂಬರು ಶುರುವಾಗುವಲ್ಲಿನ ಮೆಟ್ಟಿಲು ಇವೆಲ್ಲ ಹೆಜ್ಜೆಹೆಜ್ಜೆಗೂ ಇರುವ ನಮ್ಮ ರಸ್ತೆಗಳಲ್ಲಿ ಇದು ದೂರದ ಮಾತಲ್ಲ.

ಚೈನು ಪದೇ ಪದೇ ತಾನಾಗಿ ಸಡಿಲವಾಗುತ್ತಿದ್ದರೆ ಆಕ್ಸಲ್ ಮುಂದಕ್ಕೆ ಜಾರುತ್ತಿದೆಯೇ ನೋಡಬೇಕು. ಮುಂದೆ ತುಳಿದರೂ ಹಿಂದೊತ್ತಿದರೂ ಚೈನು ಆಕ್ಸಲ್ಲಿನ ಬಲತುದಿಯನ್ನು ಮುಂದಕ್ಕೇ ಎಳೆಯುತ್ತದೆ. ಬಲತುದಿ ಜಾರಿದರೆ ಚಕ್ರ ಓರೆಯಾಗಿ, ಅದರ ಮುಂಭಾಗ ಎಡಗಡೆಯ ಕೊಳವೆಯತ್ತ ವಾಲುತ್ತದೆ. ಅಲ್ಲಿ ಟೈರು ಉಜ್ಜಿದ ಕಪ್ಪು ಗುರುತು ಸಿಕ್ಕರೆ ಬೇರೆ ಸಾಕ್ಷಿ ಬೇಕಿಲ್ಲ. ಫ್ರೇಮಿಗೆ ತಾಗುವ ಮುಖದಲ್ಲಿ ಗೀರುಗಳಿರುವ ನಟ್ಟುಗಳನ್ನೇ ಬಳಸಿ, ಆಕ್ಸಲ್ ಕೂರುವ ಸೀಳಾದ ಡ್ರಾಪ್‌ಔಟಿನ ಮೇಲಿನ ದಪ್ಪ ಬಣ್ಣವನ್ನು ಆ ಜಾಗದಲ್ಲಿ ಕೆರೆದು, ಬಿಗಿಯಾಗಿ ಹಾಕಬೇಕು.

ಸವೆತವನ್ನು ಅಳೆಯಲು ಸ್ಟೀಲಿನ ಅಡ್ಡಪಟ್ಟಿ ಸಾಕು. ಹೊಸ ಚೈನಿನಲ್ಲಿ 24 ಕೊಂಡಿಗಳ ಉದ್ದ ಸರಿಯಾಗಿ 12 ಇಂಚು. ಅದು 12 ಇಂಚಿಗಿಂತ ಒಂದು ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಾದರೆ ಚೈನು ಬದಲಿಸಬೇಕು, ಎಂಟನೇ ಒಂದು ಭಾಗ ಹೆಚ್ಚಾದರೆ ಕಾಗನ್ನೂ ಬದಲಿಸಬೇಕು. ಫಿಕ್ಸಿಯಲ್ಲಿ ಎರಡೂ ದಿಕ್ಕಿನಿಂದ ಬಲ ಬೀಳುವುದರಿಂದ ಕಾಗಿನ ಹಲ್ಲು ಎರಡೂ ಮಗ್ಗುಲಲ್ಲಿ ಸವೆಯುತ್ತದೆ.

ಕ್ರ್ಯಾಂಕು, ಪಟ್ಟಿ, ಟೈರು

ಚೌಕ ತುದಿಯ ಆಕ್ಸಲ್ಲಿನ ಮೇಲೆ ಕೂರುವ ಕ್ರ್ಯಾಂಕಿನ ಬೋಲ್ಟಿಗೆ 40 ನ್ಯೂಟನ್ ಮೀಟರಿನ ಆಸುಪಾಸಿನ ಬಿಗಿತ ಬೇಕು. ಸಡಿಲವಾಗಿಯೇ ಒಂದೆರಡು ದಿನ ಓಡಿಸಿದರೆ ಕ್ರ್ಯಾಂಕಿನ ಮೆತ್ತನೆಯ ಚೌಕದ ಮೂಲೆಗಳು ಉರುಟಾಗಿಬಿಡುತ್ತವೆ. ಆಮೇಲೆ ಎಷ್ಟು ಬಿಗಿದರೂ ನಿಲ್ಲದು, ಕ್ರ್ಯಾಂಕನ್ನೇ ಬದಲಿಸಬೇಕು.

ಯಂತ್ರಭಾಗಗಳೆಲ್ಲ ಸರಿಯಿದ್ದೂ ತಡೆ ಸಾಲದೆನಿಸಿದರೆ ಪಾದವನ್ನು ಪೆಡಲಿಗೆ ಹಿಡಿದಿಡುವ ಪಟ್ಟಿಗಳನ್ನು ನೋಡಬೇಕು. ಕ್ರ್ಯಾಂಕುಗಳು ಅಡ್ಡಲಾಗಿರುವಾಗ ಹಿಂದಿನ ಕಾಲು ಕೆಳಕ್ಕೆ ಒತ್ತುತ್ತದೆ, ಮುಂದಿನ ಕಾಲು ಮೇಲಕ್ಕೆ ಎಳೆಯುತ್ತದೆ; ಪಟ್ಟಿ ಸಡಿಲವಿದ್ದರೆ ಮುಂದಿನ ಕಾಲಿನ ಪಾಲು ಪೂರ್ತಿ ನಷ್ಟವಾಗುತ್ತದೆ. ಮಳೆಯಲ್ಲಿ ನೆಂದು ಬಕಲಿನಲ್ಲಿ ಜಾರುವ ಪಟ್ಟಿಯನ್ನು ಹೊಲಿದು ಬಳಸುವುದಕ್ಕಿಂತ ಹೊಸದು ತರುವುದು ಮೇಲು. ಚಪ್ಪಲಿ ಹಾಕಿಕೊಂಡು ಫಿಕ್ಸಿ ಹತ್ತಲೇಬಾರದು.

ಚಕ್ರವನ್ನು ಕಚ್ಚಿಸಿ ಜಾರಿಸುವ ಅಭ್ಯಾಸವಿದ್ದವರ ಹಿಂದಿನ ಟೈರು ಕೆಲವೇ ವಾರಗಳಲ್ಲಿ ಒಂದೇ ಜಾಗದಲ್ಲಿ ಸವೆದು ಒಳಗಿನ ನೂಲು ಕಂಡರೆ, ಅದಕ್ಕೆ ಟೈರಿನ ಗುಣಮಟ್ಟ ಕಾರಣವಲ್ಲ, ಹಲ್ಲುಗಳ ಲೆಕ್ಕ ಕಾರಣ. ಮುಂದಿನ ಹಲ್ಲುಗಳನ್ನು ಹಿಂದಿನ ಹಲ್ಲುಗಳಿಂದ ಭಾಗಿಸಿ ಭಿನ್ನರಾಶಿಯನ್ನು ಸರಳಗೊಳಿಸಿದಾಗ ಕೆಳಗೆ ಉಳಿಯುವ ಸಂಖ್ಯೆಯೇ, ಯಾವಾಗಲೂ ಒಂದೇ ಕಾಲನ್ನು ಮುಂದಿಟ್ಟು ಜಾರಿಸುವವರ ಟೈರಿನಲ್ಲಿ ಸವೆಯುವ ಜಾಗಗಳ ಸಂಖ್ಯೆ. 48ಕ್ಕೆ 16 ಇದ್ದರೆ ಅದು 3ಕ್ಕೆ 1 ಆಗುತ್ತದೆ, ಎಂದರೆ ಪ್ರತಿ ಸಲವೂ ಟೈರಿನ ಒಂದೇ ತುಂಡು ನೆಲಕ್ಕೆ ಉಜ್ಜುತ್ತದೆ. 48ಕ್ಕೆ 17 ಹಾಕಿದರೆ ಆ ಸವೆತ 17 ಜಾಗಗಳಿಗೆ ಹಂಚಿಹೋಗುತ್ತದೆ. ಒಂದೇ ಹಲ್ಲಿನ ವ್ಯತ್ಯಾಸದಿಂದ ಟೈರಿನ ಆಯುಷ್ಯ ಇಷ್ಟು ಬದಲಾಗುವುದನ್ನು ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಆದರೆ ನಗರದ ವಾಹನಗಳ ನಡುವೆ ಜಾರಿಸುವುದನ್ನು ನಿಲ್ಲುವ ವಿಧಾನವೆಂದು ನಾನು ಒಪ್ಪುವುದಿಲ್ಲ. ಅದಕ್ಕೆ ಕಾರಣ ಮುಂದೆ ಇದೆ.

ಸರಿಪಡಿಸಿದ ಮೇಲೂ ಉಳಿಯುವ ದೋಷ

ಮೇಲಿನದೆಲ್ಲವೂ ಸರಿಯಾದ ಮೇಲೂ, ಮುಂದಿನ ಬ್ರೇಕ್ ಇಲ್ಲದ ಫಿಕ್ಸಿಯಲ್ಲಿ ಒಂದು ದೋಷ ಉಳಿದೇ ಇರುತ್ತದೆ, ಮತ್ತು ಅದು ಯಾವ ಪಾನಾದಿಂದಲೂ ಹೋಗುವುದಿಲ್ಲ. ವೇಗ ತಗ್ಗಿಸತೊಡಗಿದ ಕೂಡಲೇ ಸವಾರನ ಭಾರ ಮುಂಚಕ್ರದ ಮೇಲೆ ವಾಲುತ್ತದೆ, ಹಿಂಚಕ್ರ ಹಗುರಾಗುತ್ತದೆ, ಹಗುರಾದ ಚಕ್ರ ನೆಲವನ್ನು ಹಿಡಿಯಲಾರದು. ಒಣ ರಸ್ತೆಯಲ್ಲಿ ಹಿಂಚಕ್ರವೊಂದರಿಂದಲೇ ಸಿಗುವ ತಡೆ ಗುರುತ್ವದ ಸುಮಾರು ಕಾಲುಭಾಗ. ಮುಂದಿನ ಬ್ರೇಕಿನಿಂದ ಸಿಗುವುದು ಸುಮಾರು ಅರ್ಧ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವಾಗ ಎದುರಿನದನ್ನು ಕಂಡು ಕಾಲಿಗೆ ಅಪ್ಪಣೆ ತಲುಪಲು ಒಂದು ಸೆಕೆಂಡು ಹಿಡಿದರೆ ಅಷ್ಟರಲ್ಲೇ 7 ಮೀಟರ್ ಕಳೆದಿರುತ್ತದೆ; ಆಮೇಲೆ ನಿಲ್ಲಲು ಹಿಂಚಕ್ರದಿಂದ ಮಾತ್ರವಾದರೆ ಇನ್ನೂ ಹತ್ತಿರಹತ್ತಿರ 10 ಮೀಟರ್, ಮುಂದಿನ ಬ್ರೇಕಿದ್ದರೆ ಸುಮಾರು 5 ಮೀಟರ್ ಬೇಕು. ಜಾರಿಸುವವರು ಚಕ್ರವನ್ನು ಕಚ್ಚಿಸಲೆಂದೇ ಮೈಯನ್ನು ಮುಂದಕ್ಕೆ ಬಾಗಿಸಿ ಹಿಂಚಕ್ರವನ್ನು ಮತ್ತಷ್ಟು ಹಗುರ ಮಾಡುತ್ತಾರೆ, ಆದ್ದರಿಂದ ಅವರಿಗೆ ಈ 10 ಮೀಟರೂ ಸಾಲದು. ಆ ಹೆಚ್ಚಿನ 5 ಮೀಟರಿನಲ್ಲಿ ನಿಂತ ಬಸ್ಸಿನ ಮುಂದಿನಿಂದ ರಸ್ತೆಗೆ ಇಳಿಯುವ ಒಬ್ಬ ಮನುಷ್ಯ ಇರಬಹುದು.

ಬ್ರೇಕಿಲ್ಲದ ಸೈಕಲ್ಲು ಹುಟ್ಟಿದ್ದು ಸೈಕಲ್ ಪಂದ್ಯದ ಅಂಗಳವಾದ ವೆಲೊಡ್ರೋಮಿಗಾಗಿ. ಅಲ್ಲಿ 250 ಮೀಟರಿನ ಓರೆ ಹಾಸಿನ ಮೇಲೆ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ. ಮುಂದಿನವನು ಥಟ್ಟನೆ ನಿಲ್ಲಲಾರನೆಂಬ ಖಾತರಿಯೇ ಹಿಂದಿನವನ ರಕ್ಷಣೆ. ಅಡ್ಡದಾರಿ, ಹಸು, ಆಟೋ, ಎದುರಿನಿಂದ ಬರುವ ಸ್ಕೂಟರ್ ಇರುವಲ್ಲಿ ಆ ಖಾತರಿ ಯಾರೂ ಕೊಡಲಾರರು. ಬ್ರಿಟನ್ನಿನ 1983ರ ಸೈಕಲ್ ನಿಯಮಗಳು ಫಿಕ್ಸೆಡ್ ಚಕ್ರವನ್ನು ಹಿಂದಿನ ಬ್ರೇಕಿನ ಸ್ಥಾನದಲ್ಲಿ ಒಪ್ಪಿಕೊಂಡರೂ ಮುಂಚಕ್ರಕ್ಕೆ ಬ್ರೇಕ್ ಇರಲೇಬೇಕೆನ್ನುತ್ತವೆ. ಲಂಡನ್ನಿನ ಓಲ್ಡ್ ಸ್ಟ್ರೀಟಿನಲ್ಲಿ 2016ರ ಫೆಬ್ರವರಿಯಲ್ಲಿ ಮುಂದಿನ ಬ್ರೇಕಿಲ್ಲದ ಟ್ರ್ಯಾಕ್ ಸೈಕಲ್ಲೊಂದು ರಸ್ತೆ ದಾಟುತ್ತಿದ್ದ ಮಹಿಳೆಗೆ ಡಿಕ್ಕಿ ಹೊಡೆಯಿತು. ಇಬ್ಬರು ಮಕ್ಕಳ ತಾಯಿಯಾದ ಆಕೆ ಕೆಲವು ದಿನಗಳ ನಂತರ ತೀರಿಕೊಂಡರು. ಡಿಕ್ಕಿಯ ಹೊತ್ತಿಗೆ 18 ವರ್ಷದವನಾಗಿದ್ದ ಸವಾರನಿಗೆ ಮರುವರ್ಷ ನ್ಯಾಯಾಲಯ, ಕುದುರೆಗಾಡಿಗಳ ಕಾಲದ 1861ರ ಕಾಯಿದೆಯೊಂದರ ಅಡಿಯಲ್ಲಿ, 18 ತಿಂಗಳ ಸೆರೆವಾಸ ವಿಧಿಸಿತು.

ಮುಂದಿನ ಬ್ರೇಕ್ ಹಾಕಿಸುವುದು ಕಷ್ಟದ ಕೆಲಸವಲ್ಲ. ಫೋರ್ಕಿನ ತಲೆಯಲ್ಲಿ ತೂತು ಇದೆಯೇ ಮೊದಲು ನೋಡಬೇಕು. ಹಲವು ಟ್ರ್ಯಾಕ್ ಫೋರ್ಕುಗಳಲ್ಲಿ ಅದು ಇರುವುದಿಲ್ಲ. ಇಲ್ಲದ ಫೋರ್ಕಿಗೆ, ಅದರಲ್ಲೂ ಕಾರ್ಬನ್ ಫೋರ್ಕಿಗೆ, ಡ್ರಿಲ್ ಹಾಕಿಸಬಾರದು. ತೂತಿರುವ ಫೋರ್ಕನ್ನು ತಂದು ಹಾಕಿಸಬೇಕು. ತೂತಿನಿಂದ ರಿಮ್ಮಿನ ಉಜ್ಜುಪಟ್ಟಿಯ ನಡುವಿಗೆ ಇರುವ ದೂರವನ್ನು ಅಳೆದುಕೊಂಡೇ ರಿಮ್ಮನ್ನು ಹಿಡಿಯುವ ಬ್ರೇಕಿನ ಇಕ್ಕಳ, ಎಂದರೆ ಕ್ಯಾಲಿಪರ್, ಕೊಳ್ಳಬೇಕು: 39ರಿಂದ 49 ಮಿಲಿಮೀಟರಿನದು ಒಂದು ಬಗೆ, 47ರಿಂದ 57ರದು ಇನ್ನೊಂದು. ಬಣ್ಣ ಬಳಿದ ರಿಮ್ಮಾದರೆ ಮೊದಲ ಕೆಲವು ದಿನ ಬಣ್ಣ ಏಳುವವರೆಗೆ ಹಿಡಿತ ಕಡಮೆ ಇರುತ್ತದೆ, ಬ್ರೇಕ್ ರಬ್ಬರಿಗೆ ಮೆತ್ತಿದ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆಯುತ್ತಿರಬೇಕು.

ಅಂಗಡಿಯ ಯಜಮಾನರು ನನ್ನ ಸೈಕಲ್ಲಿಗೆ ಟ್ರ್ಯಾಕ್ ಹಬ್ಬಿನ ಹೊಸ ಚಕ್ರ ಕಟ್ಟಿಕೊಟ್ಟು, ಮುಂದೆ ಬ್ರೇಕ್ ಹಾಕಿದ ಮೇಲೆಯೇ ಹೊರಗೆ ಬಿಟ್ಟರು. ಪರೀಕ್ಷೆಯನ್ನು ಭಾನುವಾರ ಬೆಳಗಿನ ಖಾಲಿ ಮೈದಾನದಲ್ಲಿ ಮಾಡಿದೆ: ಮೊದಲು ಬ್ರೇಕಿನಿಂದ ಮಾತ್ರ, ಆಮೇಲೆ ಕಾಲಿನಿಂದ ಮಾತ್ರ, ಕೊನೆಗೆ ಎರಡರಿಂದಲೂ ನಿಲ್ಲಿಸಿ, ಪ್ರತಿ ಸಲವೂ ಇಳಿದು ಗೆರೆ ನೋಡಿದೆ. ಹೊಸ ಜೋಡಣೆಯ ಮೊದಲ 50 ಕಿಲೋಮೀಟರಿನ ನಂತರ ಲಾಕ್‌ರಿಂಗನ್ನು ಇನ್ನೊಮ್ಮೆ ಬಿಗಿದೆ. ಅದು ಎಂಟನೇ ಒಂದು ತಿರುವಿನಷ್ಟು ಹಿಡಿಯಿತು. ಹಳೆಯ ಗೆರೆಯನ್ನು ಅಳಿಸಿ ಹೊಸದನ್ನು ಎಳೆದೆ. ಅಂದಿನಿಂದ ವಾರಕ್ಕೊಮ್ಮೆ, ಗಾಳಿ ನೋಡುವಾಗ, ಆ ಕೆಂಪು ಗೆರೆಯನ್ನೂ ನೋಡುತ್ತೇನೆ.